ಹಳದಿ ಅಂಗಿಯ ವಾರಗಳು

ಅಕ್ಟೋಬರ್ ೧೯

ಬಾಸ್ಕೆಟ್‌ಬಾಲ್ ಅಭ್ಯಾಸ ಶುರುವಾಗಿ ಮೂರು ವಾರವಾಯಿತು. ಇವತ್ತು ನನಗೆ ಹಳದಿ ಅಂಗಿ ಕೊಟ್ಟರು.

ತೋಳಿಲ್ಲದ್ದು, ಎಷ್ಟು ಒಗೆದರೂ ಹಳೆಯ ಬೆವರಿನ ವಾಸನೆ ಬಿಡದ್ದು. ಬೆನ್ನ ಮೇಲೆ ಬಿಳಿ ಟೇಪಿನಲ್ಲಿ ಮೂವತ್ತೆರಡು ಎಂದು ಅಂಟಿಸಿದ್ದರು. ಅದು ನನ್ನ ಸಂಖ್ಯೆಯಲ್ಲ. ಮೊದಲ ಪಂದ್ಯದಲ್ಲಿ ಎದುರಾಗುವ ಕಾಲೇಜಿನ ಸೆಂಟರ್, ಎಂದರೆ ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರ್ತಿಯದು. ಅವಳ ವಿಡಿಯೊ ನೋಡಿ, ಅವಳಂತೆ ಓಡಿ, ಅವಳಂತೆ ತಿರುಗಿ, ಅವಳು ಎಲ್ಲಿ ಎಡವುತ್ತಾಳೋ ಅಲ್ಲೇ ನಾನೂ ಎಡವಬೇಕು. ಇವರ, ಎಂದರೆ ಈ ಕಾಲೇಜು ತಂಡದ, ಮುಖ್ಯ ಐವರು ನನ್ನನ್ನು ತಡೆದು ತಡೆದು ಅವಳನ್ನು ತಡೆಯುವುದನ್ನು ಕಲಿಯುತ್ತಾರೆ. ಪಂದ್ಯದಲ್ಲಿ ಆಡಿಸುವುದಿಲ್ಲ ಎಂದು ತೀರ್ಮಾನವಾದವರಿಗೆ ಇಲ್ಲಿ ಕೊಡುವ ಕೆಲಸ ಇದು.

"ಇದು ಶಿಕ್ಷೆನಾ ಕೋಚ್?" ಎಂದು ಕೇಳಿಯೇ ಬಿಟ್ಟೆ.

ಕೋಚ್ ಹಾಲ್ವರ್ಸನ್ ಸೀಟಿಯನ್ನು ಬಾಯಿಂದ ತೆಗೆದು ನಕ್ಕರು. ಐವತ್ತು ದಾಟಿದ ಹೆಂಗಸು. ನಗುವಾಗಲೂ ಕಣ್ಣು ಕೋರ್ಟಿನ ಮೇಲೆಯೇ ಇರುತ್ತದೆ. "ಶಿಕ್ಷೆ ಯಾಕಮ್ಮ? ಇದೂ ಒಂದು ಕೆಲ್ಸ. ಹೋಗು, ನಿಲ್ಲು."

ಲಾಟ್ವಿಯಾದಲ್ಲಿ, ನಮ್ಮೂರು ಲಿಂಬಾಜಿಯ ಕ್ರೀಡಾಶಾಲೆಯಲ್ಲಿ ನಾಲ್ಕು ವರ್ಷ ನಾನು ನಾಯಕಿ. ಹದಿನಾರಕ್ಕೇ ದೊಡ್ಡವರ ಲೀಗಿನಲ್ಲಿ ಆಡಿದವಳು. ಅಮೆರಿಕದ ನೆಬ್ರಾಸ್ಕದ ಈ ಜೋಳದ ಹೊಲಗಳ ನಡುವೆ, ನಮ್ಮ ದೇಶ ಎಲ್ಲಿದೆ ಎಂದು ಒಬ್ಬರಿಗೂ ಗೊತ್ತಿಲ್ಲದ ಕಾಲೇಜಿಗೆ ಬಂದು ಯಾರದೋ ನೆರಳಾಗಿ ನಿಂತಿದ್ದೇನೆ.

ಮಾರ್ಚ್ ಕೊನೆಗೆ ಲಾಟ್ವಿಯಾದ ಇಪ್ಪತ್ತರೊಳಗಿನವರ ತಂಡದ ಪಟ್ಟಿ ಬರುತ್ತದೆ. ವಯಸ್ಸಿನ ಲೆಕ್ಕದಲ್ಲಿ ನನಗಿದು ಕೊನೆಯ ಅವಕಾಶ. ಆಯ್ಕೆಗಾರರು ಸಮುದ್ರ ದಾಟಿ ಬಂದು ನೋಡುವುದಿಲ್ಲ. ಎಷ್ಟು ನಿಮಿಷ ಆಡಿದಳು, ಎಷ್ಟು ಅಂಕ ಹಾಕಿದಳು ಎಂದು ಕಾಗದದಲ್ಲಿ ನೋಡುತ್ತಾರೆ. ಹಳದಿ ಅಂಗಿಯಲ್ಲಿ ಕಳೆದ ನಿಮಿಷ ಯಾವ ಕಾಗದಕ್ಕೂ ಬರುವುದಿಲ್ಲ.

ನವೆಂಬರ್ ೮

ಮೊದಲ ಪಂದ್ಯ. ಇವರು ಗೆದ್ದರು. ನಾನು ಒಂದು ನಿಮಿಷವೂ ಆಡಲಿಲ್ಲ, ಮೇಲೆ ಬೈಗುಳ.

ಸಹಾಯಕ ಕೋಚ್ ಟ್ರೆಂಟ್ ಹಿಂದೆಯೇ ಬಂದ. "ಡಾರ್ತಾ, ಬೆಂಚ್ ಮೇಲೆ ಯಾಕೆ ಹಂಗೆ ಕೂತಿದ್ದೆ? ಮನೇಲಿ ಯಾರಾದ್ರೂ ತೀರ್ಕೊಂಡ್ರಾ?"

"ಆಟ ನೋಡ್ತಿದ್ದೆ."

"ನೋಡೋದು ಸರಿ. ಏಳ್ಬೇಕು, ಕೂಗ್ಬೇಕು, ಟವೆಲ್ ಬೀಸ್ಬೇಕು. ನಮ್ಮೋರು ಬಾಸ್ಕೆಟ್ ಹಾಕಿದಾಗೆಲ್ಲ ನಿನ್ನ ಕುರ್ಚಿ ಖಾಲಿ ಇರ್ಬೇಕು."

"ಸುಲಭದ ಬಾಸ್ಕೆಟ್‌ಗೂ?"

"ಎಲ್ಲದಕ್ಕೂ!"

ಊರಿನ ಕ್ರೀಡಾಶಾಲೆಯ ನಮ್ಮ ಟ್ರೈನರ್ ಮಾರುತಾ ಎದುರಿಗೆ ಯಾರಾದರೂ ಹೀಗೆ ಕುಣಿದಿದ್ದರೆ "ಕುರ್ಚೀಲಿ ಇರುವೆ ಇದ್ಯಾ?" ಎಂದು ಕೇಳುತ್ತಿದ್ದರು. ನಮ್ಮಲ್ಲಿ ಬೆಂಚಿನವರು ಮೌನವಾಗಿದ್ದರೆ ಗಮನ ಕೊಡುತ್ತಿದ್ದಾರೆ ಎಂದರ್ಥ. ಇಲ್ಲಿ ಮೌನವಾಗಿದ್ದರೆ ಹೊಟ್ಟೆಕಿಚ್ಚು ಎಂದರ್ಥ. ಹೊಟ್ಟೆಕಿಚ್ಚು ಇತ್ತು, ಅದು ಬೇರೆ ಮಾತು.

ಊಟಕ್ಕೆ ಖಾರದ ಮಾಂಸ-ಕಾಳಿನ ಸಾರು, ಅದಕ್ಕೆ ನಂಚಿಕೊಳ್ಳಲು ದಾಲ್ಚಿನ್ನಿ ಹಾಕಿದ ಸಿಹಿ ಬನ್. ಸಾರಿಗೆ ಸಿಹಿ ಬನ್! ಎಲ್ಲರೂ ಅದ್ದಿ ಅದ್ದಿ ತಿಂದರು. ನಾನು ಬರೀ ಸಾರು ಕುಡಿದೆ.

ನವೆಂಬರ್ ೧೮

ನಮ್ಮ ಸ್ವಾತಂತ್ರ್ಯದ ದಿನ. ಈ ದಿನ ಲಿಂಬಾಜಿಯ ಪ್ರತಿ ಕಿಟಕಿಯಲ್ಲೂ ಮೇಣದಬತ್ತಿ ಇರುತ್ತದೆ. ಸಂಜೆ ನಾನೂ ಒಂದು ಹಚ್ಚಿ ಕಿಟಕಿಯಲ್ಲಿಟ್ಟೆ. ಹತ್ತೇ ನಿಮಿಷಕ್ಕೆ ಹಾಸ್ಟೆಲಿನ ಮೇಲ್ವಿಚಾರಕಿ ಬಾಗಿಲು ಬಡಿದಳು. ಬೆಂಕಿ ನಿಷೇಧವಂತೆ. ಮೊದಲ ಎಚ್ಚರಿಕೆಯಂತೆ. ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದಳು.

ನನ್ನ ಕೋಣೆಯವಳು ಕಿಯಾಂಡ್ರಾ. ಇವರ ಸೆಂಟರ್. ಎಂದರೆ ನಾನು ಆಡಬೇಕಾದ ಜಾಗದಲ್ಲಿ ಆಡುವವಳು. ಮಿಸಿಸಿಪಿಯವಳು, ಕಾಲೇಜಿನಲ್ಲಿ ಇದು ಅವಳ ಕೊನೆಯ ವರ್ಷ. ನನಗಿಂತ ಎತ್ತರದಲ್ಲಿ ಎರಡು ಬೆರಳು ಕಡಿಮೆ, ತೂಕದಲ್ಲಿ ಒಂದೂವರೆ ಪಟ್ಟು. ಮಂಚದ ಮೇಲೆ ಮಲಗಿಕೊಂಡೇ ಎಲ್ಲ ನೋಡಿದಳು.

"ಏನ್ ಮಹಾರಾಣಿಯವ್ರೆ, ನಮ್ಮಿಬ್ರನ್ನೂ ಸುಡ್ಬೇಕು ಅಂತಿದ್ಯಾ? ಹಂಗಾದ್ರೂ ನನ್ನ ಜಾಗ ಸಿಗತ್ತೆ ಅಂತಾನಾ?"

ಗೋಡೆ ಕಡೆ ತಿರುಗಿ ಮಲಗಿದೆ.

ಡಿಸೆಂಬರ್ ೩

ಇವತ್ತು ಆಡಿದೆ. ಆಡದೆ ಇದ್ದಿದ್ದರೇ ಚೆನ್ನಾಗಿತ್ತು.

ಕೊನೆಯ ನಿಮಿಷದಲ್ಲಿ ಕಿಯಾಂಡ್ರಾ ಮೂಗಿಗೆ ಯಾರದೋ ಮೊಣಕೈ ಬಡಿದು ರಕ್ತ ಸುರಿಯಿತು. ಕೋಚ್ ಬೆಂಚಿನ ಉದ್ದಕ್ಕೂ ನೋಡಿ, ಬೇರೆ ದಾರಿಯಿಲ್ಲದವರ ಹಾಗೆ "ಡಾರ್ತಾ" ಎಂದರು. ಇವರು ಒಂದು ಅಂಕ ಮುಂದಿದ್ದರು. ಎದುರಿನವರ ಹೊಡೆತ ತಪ್ಪಿತು, ರೀಬೌಂಡ್ ನನ್ನ ಕೈಗೇ ಬಂತು. ಒಂಬತ್ತು ಸೆಕೆಂಡ್ ಉಳಿದಿತ್ತು. ಕೈಯಲ್ಲಿ ಬಾಲ್ ಹಿಡಿದು ಇಳಿದಾಗ ಮನಸ್ಸಿಗೆ ಬಂದದ್ದು ಒಂದೇ: ಇದು ಕಾಗದಕ್ಕೆ ಬರುತ್ತದೆ.

ಅಷ್ಟರಲ್ಲಿ ಇಬ್ಬರು ನನ್ನನ್ನು ಮೂಲೆಗೆ ಒತ್ತಿದರು. ಪಾಸ್ ಕೊಡಲು ಸಂದಿಯಿಲ್ಲ. ನಮ್ಮ ಬೆಂಚ್ ಕೋರ್ಟಿನ ಆಚೆ ತುದಿಯಲ್ಲಿತ್ತು. ಅಲ್ಲಿ ಎಲ್ಲರೂ ಎದ್ದು ನಿಂತು ಒಂದು ಅಂಗೈ ಮೇಲೆ ಇನ್ನೊಂದು ಕೈಯ ಬೆರಳು ಊರಿ ವಿರಾಮದ ಸನ್ನೆ ಮಾಡುತ್ತಿದ್ದರು. ಕೋಚ್ ಕೂಡ. ಸರಿ, ಕೋಚ್ ವಿರಾಮ ಕೇಳುತ್ತಿದ್ದಾರೆ, ಈಗ ಸೀಟಿ ಬೀಳುತ್ತದೆ, ಬಾಲ್ ಬಿಡದೆ ಹಿಡಿದುಕೊಂಡರೆ ಸಾಕು ಎಂದುಕೊಂಡೆ. ಆ ಗದ್ದಲದಲ್ಲಿ ಕೋಚ್ ಕೂಗು ಯಾರಿಗೂ ಮುಟ್ಟಲಿಲ್ಲ. ರೆಫರಿ ನನ್ನಿಂದ ಎರಡು ಹೆಜ್ಜೆ ದೂರದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದ. ಏನನ್ನೋ ಕಾಯುತ್ತಿರುವವನ ಹಾಗೆ ನೋಡುತ್ತಿದ್ದ. ಅಷ್ಟರಲ್ಲಿ ಎದುರಿನವಳೊಬ್ಬಳು ಬಾಲ್ ಮೇಲೆ ಎರಡೂ ಕೈ ಹಾಕಿದಳು. ಈಗ ಸೀಟಿ ಬಿತ್ತು. ಬಾಲ್ ಇಬ್ಬರದೂ ಎಂದಾಯಿತು, ಇಂಥ ಹೊತ್ತಿನಲ್ಲಿ ಬಾಲ್ ಯಾರಿಗೆ ಎಂದು ತೋರಿಸುವ ಸರದಿಯ ಬಾಣ ಅವರ ಕಡೆಗಿತ್ತು. ಅವರು ತೆಗೆದುಕೊಂಡರು, ಹಾಕಿದರು, ಒಂದು ಅಂಕದಿಂದ ಗೆದ್ದರು.

ಬಸ್ಸು ಹೊರಟು ಅರ್ಧ ಗಂಟೆಗೆ ಕಿಯಾಂಡ್ರಾ, ಮೂಗಿನಲ್ಲಿ ಹತ್ತಿ ತುರುಕಿಕೊಂಡು, ಹಿಂದಿನ ಸೀಟಿನಿಂದ ಬಗ್ಗಿದಳು. "ಲೇ, ಟೈಮ್ ಔಟ್ ಕೇಳೋಕೆ ಏನೇ ದಾಡಿ ನಿಂಗೆ? ರೆಫರಿ ಮೂಗಿನ ಕೆಳಗೇ ಇದ್ನಲ್ಲ!"

"ನಾನಾ? ನಾನು ಹೇಗೆ ಕೇಳ್ಲಿ?"

"ಹೇಗೆ ಅಂದ್ರೆ? ಬಾಯಿ ಬಿಟ್ಟು."

"ಆಟಗಾರ್ತಿ ಕೇಳಬಹುದಾ?"

ಮುಂದಿನ ಸಾಲಿನಿಂದ ಯಾರೋ "ಇನ್ಯಾರು ಕೇಳ್ತಾರೆ, ನಿಮ್ಮಜ್ಜಿನಾ?" ಎಂದರು. ಇಡೀ ಬಸ್ಸು ನಕ್ಕಿತು.

ಊರಿನಲ್ಲಿ ವಿರಾಮ ಕೇಳುವ ಹಕ್ಕು ಟ್ರೈನರಿಗೆ ಮಾತ್ರ. ಅವರೇ ಮೇಜಿನವರಿಗೆ ಹೇಳಬೇಕು, ಆಟ ನಿಂತಾಗ ಕೊಡುತ್ತಾರೆ. ಆಟಗಾರ್ತಿ ರೆಫರಿಯ ಹತ್ತಿರ ಹೋಗಿ ವಿರಾಮ ಕೊಡಿ ಎಂದರೆ ತಲೆ ಕೆಟ್ಟಿದೆಯೇ ಎಂದು ನೋಡುತ್ತಾರೆ. ಹತ್ತು ವರ್ಷ ಆಡಿದ್ದೇನೆ. ಆಟವನ್ನು ನಾನೇ ನಿಲ್ಲಿಸಬಹುದು ಎಂದು ಒಂದು ದಿನವೂ ಹೊಳೆದಿಲ್ಲ. ನಿಯಮದ ಪುಸ್ತಕವನ್ನು ಆಗಸ್ಟಿನಲ್ಲೇ ಕೊಟ್ಟಿದ್ದರು. ಬಾಸ್ಕೆಟ್‌ಬಾಲ್ ನಿಯಮ ನನಗೆ ಕಲಿಸುತ್ತಾರಾ ಎಂದು ಬಿಚ್ಚಿಯೂ ನೋಡಿರಲಿಲ್ಲ.

ಕೋಚ್ ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾದರೂ ಆಡಬಹುದಿತ್ತು.

ಡಿಸೆಂಬರ್ ೪

ಹಳದಿ ಅಂಗಿ. ಸಂಖ್ಯೆ ಇಪ್ಪತ್ತೊಂದು.

ಡಿಸೆಂಬರ್ ೧೨

ಹಳದಿ ಅಂಗಿ. ಸಂಖ್ಯೆ ಐದು. ಇವಳು ಓಡುವುದೇ ಇಲ್ಲ, ನಡೆಯುತ್ತಾಳೆ. ನಾನೂ ನಡೆದೆ. "ಸ್ವಲ್ಪ ಜೀವ ತುಂಬು" ಎಂದ ಟ್ರೆಂಟ್. ಅವಳಲ್ಲೇ ಜೀವವಿಲ್ಲ, ನಾನೆಲ್ಲಿಂದ ತರಲಿ?

ಜನವರಿ ೧

ನಾಡಿದ್ದು ಪಂದ್ಯವಿರುವುದರಿಂದ ದೂರದವರು ಯಾರೂ ಊರಿಗೆ ಹೋಗಿಲ್ಲ. ಹಾಸ್ಟೆಲಿನಲ್ಲಿ ನಾನು, ಕಿಯಾಂಡ್ರಾ, ಗೊರಗುಟ್ಟುವ ಹೀಟರ್.

ಬೆಳಿಗ್ಗೆ ಎದ್ದರೆ ನೆಲಮಹಡಿಯ ಅಡಿಗೆಕೋಣೆಯಿಂದ ಬೇಯುವ ಕಾಳಿನ ವಾಸನೆ. ಅವಳ ಅಜ್ಜಿ ಅಲಸಂದೆ ಕಳಿಸಿದ್ದರಂತೆ. ಹೊಸ ವರ್ಷದ ದಿನ ಅದನ್ನು ತಿಂದರೆ ಅವರ ಕಡೆ ಅದೃಷ್ಟ. ಒಂದು ಬಟ್ಟಲು ನನ್ನ ಮುಂದೆ ತಳ್ಳಿದಳು. ಹಂದಿಯ ಕೊಬ್ಬು, ಈರುಳ್ಳಿ. ಬಾಯಿಗಿಟ್ಟ ಕೂಡಲೇ ಊರಿನ ರುಚಿ. ನಮ್ಮಲ್ಲಿ ಇದನ್ನೇ ಬೂದು ಬಟಾಣಿಯಲ್ಲಿ ಮಾಡುತ್ತಾರೆ.

"ನಮ್ಮೂರಲ್ಲೂ ವರ್ಷದ ಕೊನೆಗೆ ಹೀಗೇ ಕಾಳು ತಿಂತಾರೆ. ಒಂದನ್ನೂ ಬಿಡದೆ ತಿನ್ಬೇಕು. ಬಟ್ಟಲಲ್ಲಿ ಎಷ್ಟು ಉಳಿಯತ್ತೋ ವರ್ಷಪೂರ್ತಿ ಅಷ್ಟು ಕಣ್ಣೀರು."

"ಹಾಗಿದ್ರೆ ಕಳೆದ್ಸಲ ನೀನು ಪಾತ್ರೆ ತುಂಬ ಬಿಟ್ಟಿದ್ದೆ ಅನ್ಸತ್ತೆ," ಎಂದಳು. "ತಿನ್ನು ಮಾರಾಯ್ತಿ. ಇನ್ನೂ ಇದೆ."

ಮೂರು ಬಟ್ಟಲು ತಿಂದೆ. ಹೊಟ್ಟೆ ಕೆಟ್ಟಿತು. ಸಂಜೆಯ ಓಟ ತಪ್ಪಿಸಿಕೊಂಡೆ, ಅದಕ್ಕೆ ಟ್ರೆಂಟ್‌ನಿಂದ ಮತ್ತೆ ಬೈಗುಳ.

ಜನವರಿ ೧೭

ಟ್ರೈನರ್ ಮಾರುತಾ ಫೋನ್ ಮಾಡಿದ್ದರು. ಕುಶಲ ಕೇಳುವ ಅಭ್ಯಾಸ ಅವರಿಗಿಲ್ಲ.

"ಎಷ್ಟು ನಿಮಿಷ?"

"ಹನ್ನೊಂದು."

"ಪಂದ್ಯಕ್ಕಾ?"

"ಒಟ್ಟು."

ಆ ಕಡೆ ಲೋಟ ಮೇಜಿನ ಮೇಲಿಟ್ಟ ಸದ್ದು. "ಆಯ್ಕೆಗಾರ ನಿನ್ನೆ ಕೇಳಿದ. ಮಾರ್ಚ್ ತನಕ ನೋಡೋಣ ಅಂದೆ. ಅವನ ಕೈಗೆ ನಾನು ಏನು ಕೊಡ್ಲಿ ಡಾರ್ತಾ, ಹನ್ನೊಂದು ನಿಮಿಷ ಕೊಡ್ಲಾ? ಅವರ ಬಾಗಿಲು ತಟ್ಟು. ಆಡಿಸಿ ಅಂತ ಕೇಳು. ಅಲ್ಲಿ ಕೇಳದೇ ಏನೂ ಸಿಗಲ್ಲ ಅಂತಾರೆ."

ಬಾಗಿಲು ತಟ್ಟಿದೆ. ಕೋಚ್ ಕುರ್ಚಿ ತೋರಿಸಿದರು. ಹೇಳಬೇಕಾದ್ದನ್ನೆಲ್ಲ ಹೇಳಿದೆ: ಪಟ್ಟಿ, ವಯಸ್ಸು, ಕೊನೆಯ ಅವಕಾಶ. ಅವರು ಅಡ್ಡಬಾಯಿ ಹಾಕದೆ ಕೇಳಿದರು.

"ಕಿಯಾಂಡ್ರಾಗಿಂತ ನೀನು ಚೆನ್ನಾಗಿ ಆಡ್ತೀಯ ಅಂತ ನಿನಗೆ ಅನ್ಸತ್ತಾ?"

"ಬಾಲ್ ಕೈಯಲ್ಲಿದ್ದಾಗ, ಹೌದು."

"ಬಾಲ್ ಕೈಯಲ್ಲಿ ಇಲ್ದೇ ಇದ್ದಾಗ?"

ಇದು ಪ್ರಶ್ನೆಯಲ್ಲ, ಬಲೆ. "ಕೇಳಿದ್ದು ಒಳ್ಳೇದಾಯ್ತು," ಎಂದು ಕೋಚ್ ಎದ್ದು ಬಾಗಿಲು ತೆರೆದರು. ಇಲ್ಲಿ ಎಲ್ಲವನ್ನೂ ಒಳ್ಳೆಯದಾಯಿತು ಎಂದೇ ಮುಗಿಸುತ್ತಾರೆ.

ಸಿಟ್ಟಿಗೆ ನಿದ್ದೆಯಾದರೂ ಬರುತ್ತದೆಯೇ? ರಾತ್ರಿ ಬಹಳ ಹೊತ್ತು ಮುಂದಿನ ವಾರದ ಎದುರಾಳಿಯ ವಿಡಿಯೊ ನೋಡುತ್ತ ಕೂತೆ. ಸಂಖ್ಯೆ ನಲವತ್ತನಾಲ್ಕು. ದೂರದಿಂದ ಹೊಡೆಯುವಾಗ ಮೊದಲು ಎಡ ಮೊಣಕಾಲಿನ ಪಟ್ಟಿಯನ್ನು ಮೇಲೆಳೆದುಕೊಳ್ಳುತ್ತಾಳೆ. ಒಳನುಗ್ಗುವಾಗ ಎಳೆದುಕೊಳ್ಳುವುದಿಲ್ಲ. ಆರು ಪಂದ್ಯ ನೋಡಿದೆ, ಒಮ್ಮೆಯೂ ತಪ್ಪಿಲ್ಲ. ಅವಳಿಗೇ ಇದು ಗೊತ್ತಿರಲಾರದು.

ಜನವರಿ ೨೫

ಮೊಣಕಾಲ ಪಟ್ಟಿ ಎಳೆಯುವ ವಿಷಯ ಕಿಯಾಂಡ್ರಾಗೆ ಹೇಳಿದ್ದೆ. "ಹೋಗೇ, ನೀನೇನು ಪತ್ತೇದಾರಿಣಿನಾ?" ಎಂದಿದ್ದಳು. ಪಂದ್ಯದಲ್ಲಿ ಮೂರು ಸಲ ಆ ಹುಡುಗಿಯ ಹೊಡೆತವನ್ನು ಗಾಳಿಯಲ್ಲೇ ತಟ್ಟಿದಳು. ಮೂರನೆಯ ಸಲ ಬೆಂಚಿನ ಕಡೆ ತಿರುಗಿ ತನ್ನ ಮೊಣಕಾಲು ತಟ್ಟಿ ತೋರಿಸಿದಳು. ಎಲ್ಲರೂ ಅವಳ ಕಾಲಿಗೆ ಏನಾಯಿತೋ ಎಂದು ಗಾಬರಿಯಾದರು.

ಇಲ್ಲಿನ ಪತ್ರಿಕೆಯಲ್ಲಿ ಕಿಯಾಂಡ್ರಾ ಫೋಟೊ. "ಕಿಯಾಂಡ್ರಾಳ ಅದ್ಭುತ ಒಳಗಣ್ಣು." ಒಳಗಣ್ಣಂತೆ!

ಫೆಬ್ರವರಿ ೬

ಟ್ರೆಂಟ್ ಇವತ್ತು ಎಲ್ಲರೆದುರು ಹೊಗಳಿದ. "ಡಾರ್ತಾ ಆ ಎದುರಾಳಿ ಹುಡುಗಿಗಿಂತ ಚೆನ್ನಾಗಿ ಆ ಹುಡುಗಿ ಆಗಿದಾಳೆ!" ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅಂಗಿ ಹರಿದು ಅವನ ಮುಖಕ್ಕೆ ಎಸೆಯಬೇಕೆನಿಸಿತು.

ಅಭ್ಯಾಸ ಮುಗಿದ ಮೇಲೆ ಒಬ್ಬಳೇ ಉಳಿದೆ. ನನ್ನ ಹೊಡೆತ ಹಾಕಿ ನೋಡೋಣ ಎಂದುಕೊಂಡೆ. ಎಡಕ್ಕೆ ಒಂದು ಹೆಜ್ಜೆ, ತಲೆಯ ಮೇಲಿಂದ ಬಲಗೈ ಬಾಗಿಸಿ ಕೊಕ್ಕೆಯಂಥ ಹೊಡೆತ. ಹನ್ನೆರಡನೆಯ ವಯಸ್ಸಿನಿಂದ ಹಾಕುತ್ತ ಬಂದದ್ದು. ತಿರುಗಿದಾಗ ಭುಜ ಇಪ್ಪತ್ತೊಂದರ ಹಾಗೆ ಬಗ್ಗಿತು. ಮತ್ತೆ ಹಾಕಿದೆ, ಹೆಜ್ಜೆ ಮೂವತ್ತೆರಡರ ಹಾಗೆ ಉದ್ದವಾಯಿತು. ಇಪ್ಪತ್ತು ಸಲ ಹಾಕಿದೆ, ಒಂದೂ ನನ್ನದಾಗಿರಲಿಲ್ಲ. ಹತ್ತು ಜನರ ಆಟ ಈ ಮೈಯಲ್ಲಿದೆ, ನನ್ನದೊಂದಕ್ಕೆ ಜಾಗವಿಲ್ಲ.

ನೆಲದ ಮೇಲೆ ಕೂತು ಅತ್ತೆ. ನೆಲ ಒರೆಸಲು ಬಂದ ಮುದುಕ ನನ್ನ ಸುತ್ತ ಒರೆಸಿಕೊಂಡು ಹೋದ.

ಫೆಬ್ರವರಿ ೨೦

ಸೋತೆವು. ಸೋಲಬಾರದಾಗಿತ್ತು. ಕಿಯಾಂಡ್ರಾ ಪಾದ ತಡವಾಗಿ ತಿರುಗಿಸುತ್ತಾಳೆ ಎಂದು ವಾರದಿಂದ ಹೇಳುತ್ತಿದ್ದೇನೆ. ಊಟದಲ್ಲೂ ಇದೇ ಜಗಳ. ಉಪ್ಪಿನ ಡಬ್ಬಿ ಅವಳು, ಮೆಣಸಿನ ಡಬ್ಬಿ ಎದುರಿನವಳು. ಮೇಜಿನ ಮೇಲೆ ಇಟ್ಟು ತೋರಿಸಿದೆ.

"ನಾನು ಉಪ್ಪಿನ ಡಬ್ಬೀನಾ? ನೋಡೇ, ನನ್ನ ಸೊಂಟ ಇದಕ್ಕಿಂತ ಚೆನ್ನಾಗಿದೆ."

"ನಗಬೇಡ. ಪಾದ."

"ಆಯ್ತಮ್ಮ ಕೋಚಮ್ಮ, ಪಾದ."

ನಾನು ಸಿಹಿ ಬನ್ನನ್ನು ಸಾರಿನಲ್ಲಿ ಅದ್ದುತ್ತ ಹತ್ತು ಸಲ ಹೇಳಿದ ಮೇಲೆ ಒಪ್ಪಿದಳು. ನಾಲ್ಕೇ ಅಂಕ! ನಮ್ಮದಾಗಬೇಕಿದ್ದ ಪಂದ್ಯ.

ಮಾರ್ಚ್ ೬

ಶನಿವಾರ ಲೀಗಿನ ಸೆಮಿಫೈನಲ್. ಸೋತರೆ ಈ ವರ್ಷ ಮುಗಿಯಿತು. ಎದುರಿಗೆ ಹ್ಯಾಡ್ಲಿ ಸ್ಟ್ರಾಂಡ್. ಈ ಲೀಗಿನ ಅತ್ಯುತ್ತಮ ಸೆಂಟರ್, ಎಡಗೈಯವಳು.

ಎಡಗೈಯವಳನ್ನು ಬಲಗೈಯವಳು ನಟಿಸುವುದು ಹೇಗೆ? ಸೋಮವಾರದಿಂದ ಎಡಗೈಯಲ್ಲೇ ಹಲ್ಲುಜ್ಜುತ್ತಿದ್ದೇನೆ, ಎಡಗೈಯಲ್ಲೇ ಸಾರು ಕುಡಿಯುತ್ತಿದ್ದೇನೆ. ಅರ್ಧ ಸಾರು ಅಂಗಿಯ ಮೇಲೆ. ನಿನ್ನೆ ತರಗತಿಯಲ್ಲಿ ಎಡಗೈಯಲ್ಲೇ ಬರೆದ ಉತ್ತರವನ್ನು ಓದಲಾಗುತ್ತಿಲ್ಲ ಎಂದು ಪ್ರೊಫೆಸರ್ ಹಿಂದಿರುಗಿಸಿದರು.

ಅವಳ ಗುಟ್ಟು ಎಡಗೈಯಲ್ಲಿಲ್ಲ, ಸೊಂಟದಲ್ಲಿದೆ. ಆಟ ಬಿಗಿಯಾದಾಗ ಬುಟ್ಟಿಗೆ ಬೆನ್ನು ಹಾಕಿ ನಿಂತು, ತನ್ನನ್ನು ತಡೆಯುವವಳನ್ನು ಸೊಂಟದಿಂದ ಒಮ್ಮೆ ನೂಕುತ್ತಾಳೆ. ಆ ಹುಡುಗಿ ಸರಿದರೆ ಬುಟ್ಟಿಯ ಹಿಂದಿನ ಅಂಚಿನ ಗೆರೆಯ ಕಡೆಗೆ ತಿರುಗಿ ಹಾಕುತ್ತಾಳೆ. ಸರಿಯದಿದ್ದರೆ? ಸರಿಯದ ಹುಡುಗಿ ಒಂಬತ್ತು ಪಂದ್ಯಗಳಲ್ಲಿ ಎರಡೇ ಸಲ ಸಿಕ್ಕಿದಳು. ಎರಡು ಸಲವೂ ಹ್ಯಾಡ್ಲಿ ಗಾಬರಿಯಾಗಿ ಬಾಲನ್ನು ಹೊಟ್ಟೆಯವರೆಗೆ ಕೆಳಗಿಳಿಸಿದ್ದಾಳೆ.

ಅಭ್ಯಾಸದಲ್ಲಿ ಹ್ಯಾಡ್ಲಿಯಾಗಿ ನಿಂತು ಎಲ್ಲರನ್ನೂ ನೂಕಿದೆ. ಎಲ್ಲರೂ ಸರಿದರು, ಕಿಯಾಂಡ್ರಾ ಒಬ್ಬಳನ್ನು ಬಿಟ್ಟು. ಆಮೇಲೆ ಕಿಯಾಂಡ್ರಾಗೆ ಹ್ಯಾಡ್ಲಿ ಆಗಲು ಹೇಳಿ ನಾನು ತಡೆದೆ. ಗೋಡೆಯವರೆಗೆ ಹೋಗಿ ಬಿದ್ದೆ.

"ಗಾಳಿಪಟ ಕಣೇ ನೀನು," ಎಂದು ಕೈ ಕೊಟ್ಟು ಎಬ್ಬಿಸಿದಳು.

ಮಾರ್ಚ್ ೭

ಹನ್ನೊಂದು ಈಗ ಇಪ್ಪತ್ತಾರು ನಿಮಿಷವಾಗಿದೆ, ಒಟ್ಟು. ಮಾರುತಾ ಸಂದೇಶ: "ಆಯ್ಕೆಗಾರ ಶನಿವಾರದ ಪಂದ್ಯವನ್ನು ಅಂತರ್ಜಾಲದಲ್ಲಿ ನೋಡುತ್ತಾನೆ. ಒಂದೇ ಒಂದು ಒಳ್ಳೆಯ ಆಟ ಸಾಕು ಅಂದಿದ್ದಾನೆ. ಹೇಗಾದರೂ ಕೋರ್ಟಿಗೆ ಇಳಿ."

ಹೇಗಾದರೂ! ಕಿಯಾಂಡ್ರಾಳ ಸಾರಿಗೆ ಭೇದಿಯ ಮಾತ್ರೆ ಹಾಕಲೇ?

ಮಾರ್ಚ್ ೯

ಎಲ್ಲವನ್ನೂ ಕ್ರಮವಾಗಿ ಬರೆದುಬಿಡುತ್ತೇನೆ.

ಪಂದ್ಯ ಮುಗಿಯಲು ಹದಿನಾಲ್ಕು ಸೆಕೆಂಡ್. ನಾವು ಒಂದು ಅಂಕ ಮುಂದೆ, ಬಾಲ್ ಅವರದು, ಬದಿಯ ಗೆರೆಯಿಂದ ಒಳಗೆ ಹಾಕಬೇಕು. ಕಿಯಾಂಡ್ರಾಗೆ ನಾಲ್ಕು ಫೌಲ್ ಆಗಿತ್ತು, ಇನ್ನೊಂದಾದರೆ ಹೊರಗೆ. ಮೂವತ್ತೇಳು ನಿಮಿಷ ಆಡಿ ಏದುಸಿರಿಗೆ ಅವಳ ಬಾಯಿ ಮುಚ್ಚುತ್ತಿರಲಿಲ್ಲ, ಕೈ ಮೊಣಕಾಲ ಮೇಲಿತ್ತು. ಕೋಚ್ ವಿರಾಮ ಕೇಳಿದರು. ಎಲ್ಲರೂ ಗುಂಪಾದೆವು. ಅವರು ಫಲಕದ ಮೇಲೆ ಏನೂ ಬರೆಯದೆ ನನ್ನ ಕಡೆ ನೋಡಿದರು.

"ಬಾಲ್ ಹ್ಯಾಡ್ಲಿಗೇ ಹೋಗತ್ತೆ. ಹೊಸ ಕಾಲು ಬೇಕು ನನಗೆ. ಡಾರ್ತಾ, ಅವಳು ನಿನಗೆ ಗೊತ್ತು. ಹೋಗ್ತೀಯಾ?"

ಮೇಲಂಗಿಯ ಗುಂಡಿಯನ್ನು ಆಗಲೇ ಬಿಚ್ಚುತ್ತಿದ್ದೆ. ಅದು ನೆನಪಿದೆ.

"ಬೇಡ ಕೋಚ್," ಎಂದೆ. "ನಾನು ಹಗುರ. ಒಂದೇ ನೂಕಿಗೆ ಸರಿದುಹೋಗ್ತೀನಿ, ಅವಳು ಹಾಕ್ಬಿಡ್ತಾಳೆ. ಕಿಯಾಂಡ್ರಾ ಇರ್ಲಿ."

"ಅವಳಿಗೆ ಉಸಿರಿಲ್ಲ."

"ಉಸಿರು ಬೇಡ. ಓಡೋದಿಲ್ಲ, ನಿಲ್ಲೋದು." ಕಿಯಾಂಡ್ರಾ ಕಡೆ ತಿರುಗಿದೆ. "ಅಂಚಿನ ಗೆರೆ ಕಡೆ ಕಾಲು ಊರು. ಕೈ ಎತ್ತಬೇಡ, ಏನೇ ಆದ್ರೂ ಎತ್ತಬೇಡ."

"ಕೈ ಎತ್ತದೆ ಹೇಗೆ ತಡೀಲೇ?"

"ತಡೀಬೇಡ. ಮರದ ಹಾಗೆ ನಿಂತ್ಕೋ. ದಾರಿ ಸಿಗ್ಲಿಲ್ಲ ಅಂದ್ರೆ ಬಾಲನ್ನ ಹೊಟ್ಟೆಗೆ ಇಳಿಸ್ತಾಳೆ. ಆಗ ಒಂದೇ ಏಟು, ಕೆಳಗಿಂದ."

"ಇಳಿಸ್ಲಿಲ್ಲ ಅಂದ್ರೆ?"

"ಇಳಿಸ್ತಾಳೆ. ಒಂದು ವಾರದಿಂದ ನಾನೇ ಅವಳು."

ಕೋಚ್ ಫಲಕವನ್ನು ಕೆಳಗಿಟ್ಟರು. "ಕೇಳಿಸ್ಕೊಂಡ್ಯಾ ಕಿಯಾಂಡ್ರಾ? ಅವಳು ಹೇಳಿದ ಹಾಗೇ ಮಾಡು."

ಹ್ಯಾಡ್ಲಿ ಬಾಲ್ ಹಿಡಿದಳು. ನೂಕಿದಳು. ಕಿಯಾಂಡ್ರಾ ಕದಲಲಿಲ್ಲ. ಇನ್ನೊಮ್ಮೆ ನೂಕಿದಳು. ನಾನು ಬೆಂಚಿನ ಮುಂದೆ ನಿಂತು "ಈಗ, ಈಗ" ಎಂದು ಲಾಟ್ವಿಯನ್ನಿನಲ್ಲಿ ಕಿರುಚುತ್ತಿದ್ದೆನಂತೆ. ಬಾಲ್ ಹೊಟ್ಟೆಗೆ ಇಳಿಯಿತು. ಕಿಯಾಂಡ್ರಾ ಕೆಳಗಿಂದ ಹೊಡೆದಳು. ಬಾಲ್ ನೆಲಕ್ಕೆ ಬಿತ್ತು, ನಮ್ಮವಳೊಬ್ಬಳು ಅದರ ಮೇಲೆ ಬಿದ್ದಳು, ಗಂಟೆ ಹೊಡೆಯಿತು.

ಕಾಗದದಲ್ಲಿ ನನ್ನ ಹೆಸರಿನ ಮುಂದೆ: ಆಡಿಲ್ಲ.

ಮಾರ್ಚ್ ೧೦

ಫೈನಲಿನಲ್ಲಿ ಹತ್ತೊಂಬತ್ತು ಅಂಕಗಳಿಂದ ಸೋತೆವು. ಎಲ್ಲ ಮುಗಿದ ಮೇಲೆ ನನ್ನನ್ನು ಎರಡು ನಿಮಿಷ ಇಳಿಸಿದರು. ಒಂದು ಫೌಲ್ ಮಾಡಿದೆ.

ಬಸ್ಸಿನಲ್ಲಿ ಕಿಯಾಂಡ್ರಾ ಕಿಟಕಿಗೆ ತಲೆಯಿಟ್ಟು ಅತ್ತಳು. ಇನ್ನು ಅವಳು ಆಡುವುದಿಲ್ಲ. ಮೇ ತಿಂಗಳಲ್ಲಿ ಪದವಿ ಮುಗಿಸಿ ತನ್ನ ಊರಿನ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಏನು ಹೇಳಬೇಕೆಂದು ತೋಚದೆ "ಮೊದಲರ್ಧದಲ್ಲಿ ನಿನ್ನ ಪಾದ ಸರಿಯಾಗಿತ್ತು" ಎಂದೆ.

"ಲೇ, ಒಂದು ಮಾತು," ಎಂದಳು, ಮೂಗೊರೆಸಿಕೊಂಡು. "ನಿನ್ನೆ ಯಾಕೆ ಹೋಗ್ಲಿಲ್ಲ? ನಿಮ್ಮೋರು ನೋಡ್ತಿದ್ರಲ್ಲ."

"ಕೋಚ್ ಕೇಳಿದ್ರು, ಉತ್ತರ ಹೇಳ್ದೆ."

"ಅಷ್ಟೇನಾ?"

ಅಷ್ಟೇ. ಅದರ ಬಗ್ಗೆ ಯೋಚಿಸಿದಾಗಲೆಲ್ಲ ಮೈ ಪರಚಿಕೊಳ್ಳುವಂತಾಗುತ್ತದೆ. ಹದಿನಾಲ್ಕು ಸೆಕೆಂಡ್. ಆಯ್ಕೆಗಾರ ಪರದೆಯ ಮುಂದೆ ಕೂತಿದ್ದ. ಹೋಗುತ್ತೇನೆ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಹ್ಯಾಡ್ಲಿ ಹಾಕಿಬಿಡುತ್ತಿದ್ದಳು, ಅದು ನಿಜ. ಆದರೂ ನಾನು ಕೋರ್ಟಿನಲ್ಲಿ ಇರುತ್ತಿದ್ದೆ. ಮೂರ್ಖಳು.

ಮಾರ್ಚ್ ೨೪

ಮಧ್ಯಾಹ್ನ ಊಟಕ್ಕೆ ಹೊರಟಿದ್ದಾಗ ಮಾರುತಾ ಫೋನ್. ಮುಖ ಕಾಣುವ ಕರೆ. ಅಲ್ಲಿ ರಾತ್ರಿಯೂಟ ಮುಗಿದಿರಬೇಕು, ಹಿಂದೆ ಅವರ ಅಡಿಗೆಮನೆಯ ದೀಪ.

"ಪಟ್ಟಿ ಬಂತು. ನಿನ್ನ ಹೆಸರಿಲ್ಲ."

ಗೊತ್ತಿತ್ತು. ಆದರೂ ಮಂಚದ ಮೇಲೆ ಕೂತೆ.

"ಅವನು ಪಂದ್ಯ ನೋಡಿದ. ಕೊನೇಲಿ ನಿನ್ನನ್ನ ಇಳಿಸ್ತಾರೆ ಅಂದ್ಕೊಂಡ್ನಂತೆ. ನೀನು ಗುಂಡಿ ಬಿಚ್ಚಿದ್ದೂ ಕಾಣಿಸ್ತಂತೆ. ಆಮೇಲೆ ಮತ್ತೆ ಬೆಂಚಲ್ಲೇ. ಏನಾಯ್ತು? ಮನಸ್ಸು ಬದಲಾಯಿಸಿದ್ರಾ ಅವರು?"

"ಇಲ್ಲ. ನಾನೇ ಬೇಡ ಅಂದೆ."

ನೂಕು, ಸೊಂಟ, ಅಂಚಿನ ಗೆರೆ, ನಾನು ಗೋಡೆಯವರೆಗೆ ಹೋಗಿ ಬಿದ್ದದ್ದು, ಎಲ್ಲ ಹೇಳಿದೆ. ಪರದೆಯಲ್ಲಿ ಅವರು ಹುಬ್ಬು ಗಂಟಿಕ್ಕಿ ಕೂತಿದ್ದರು. ಇನ್ನು ಬೈಯುತ್ತಾರೆ ಎಂದುಕೊಂಡೆ.

"ಬಾಲ್ ಇಳಿಸೋ ಮುಂಚೆ ಅವಳು ಯಾವ ಕಡೆ ನೋಡಿದ್ಲು?"

ಪರೀಕ್ಷೆ ಮಾಡುತ್ತಿದ್ದಾರೆ ಅನ್ನಿಸಿ ಎಚ್ಚರಿಕೆಯಿಂದ ಹೇಳಿದೆ: "ಎಲ್ಲೂ ಇಲ್ಲ ಟ್ರೈನರ್. ಅವಳು ನೋಡೋದಿಲ್ಲ. ಗಲ್ಲ ಎದೆಗೆ ಒತ್ಕೋತಾಳೆ. ಅದೇ ಗುರುತು."

"ಗಲ್ಲ." ಪೆನ್ನು ಹುಡುಕುವ ಸದ್ದು. "ತಡಿ, ಬರ್ಕೋತೀನಿ. ಮುಂದಿನ ಭಾನುವಾರ ವಾಲ್ಮಿಯೆರಾ ಊರಿನವರ ಜೊತೆ ಪಂದ್ಯ ಇದೆ. ಅವರಲ್ಲೂ ಅಂಥದ್ದೇ ಒಬ್ಬಳು ಎಡಗೈಯವಳು, ಎರಡು ವರ್ಷದಿಂದ ನಮ್ಮನ್ನ ಅರೀತಿದಾಳೆ. ನನಗೆ ತಡೆಯೋಕೆ ಗೊತ್ತಾಗ್ತಿಲ್ಲ. ವಿಡಿಯೊ ಕಳಿಸ್ಲಾ?"

ಕಳಿಸಿದರು. ನೋಡಿದೆವು, ನಿಲ್ಲಿಸಿ ನಿಲ್ಲಿಸಿ. ಹದಿನಾರರ ಹುಡುಗಿ, ತುಂಬ ಚುರುಕು, ಆದರೆ ಬಲಗಡೆಗೆ ಹೋದರೆ ಎರಡನೆಯ ಹೆಜ್ಜೆ ಗಿಡ್ಡವಾಗುತ್ತದೆ. ಅದು ಮಾರುತಾಗೆ ಕಾಣಲಿಲ್ಲ. ಫೋನನ್ನು ಪುಸ್ತಕಗಳಿಗೆ ಒರಗಿಸಿ, ಎದ್ದು ನಿಂತು, ಕೋಣೆಯ ನಡುವೆ ಅವಳ ಹಾಗೆ ನಡೆದು ತೋರಿಸಿದೆ. "ಇನ್ನೊಂದ್ಸಲ," ಎಂದರು ಮಾರುತಾ. "ನಿಧಾನ. ಈಗ ನಮ್ಮ ಹುಡುಗಿ ಎಲ್ಲಿ ನಿಲ್ಬೇಕು?" ಕುರ್ಚಿಯನ್ನು ಎಳೆದು ನಮ್ಮ ಹುಡುಗಿಯನ್ನು ನಿಲ್ಲಿಸಿದೆ.

ಫೋನ್ ಬಿಸಿಯಾಗಿ ತಾನೇ ಆರಿದಾಗ ಎರಡು ಗಂಟೆ ದಾಟಿತ್ತು. ಊಟದ ಮನೆ ಮುಚ್ಚಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಪಟ್ಟಿಯಲ್ಲಿ ನನ್ನ ಜಾಗಕ್ಕೆ ಯಾರನ್ನು ಹಾಕಿದ್ದಾರೆ ಎಂದು ಕೇಳುವುದನ್ನೇ ಮರೆತಿದ್ದೆ.